ಐಸುಗುಂಡಿಯ ಎರಡು ಬಾಗಿಲು

ಐಸನ್ನು ನಾನು ಮೊದಲ ಸಲ ಮುಟ್ಟಿದ್ದು ಮಾಲೂರು ಸ್ಟೇಷನ್ನಿನಲ್ಲಿ. ಆಗಲೇ ನನಗೆ ಮದುವೆಯಾಗಿ ಎರಡು ಮಕ್ಕಳಿದ್ದವು. ಅಷ್ಟು ವಯಸ್ಸಾಗುವ ತನಕ ಐಸು ಅನ್ನುವ ಮಾತು ಕೇಳಿದ್ದೆನೇ ಹೊರತು ಪದಾರ್ಥ ಕಂಡಿರಲಿಲ್ಲ. ಬೆಂಗಳೂರಿನ ಕಡೆಯಿಂದ ಬಂದ ಬೆಳಗಿನ ರೈಲಿನ ಕೊನೆಯ ಡಬ್ಬಿಯಿಂದ ಗೋಣಿಚೀಲ ಸುತ್ತಿದ ಗಡ್ಡೆಗಳನ್ನು ಇಳಿಸುತ್ತಿದ್ದರು. ಒಂದೊಂದು ಗಡ್ಡೆಯೂ ಟ್ರಂಕಿನಷ್ಟು ದೊಡ್ಡದು. ಆಳುಗಳು ಕೈಗೆ ಬಟ್ಟೆ ಸುತ್ತಿಕೊಂಡು ಓಡೋಡಿ ಬಂದು ಎತ್ತಿನ ಗಾಡಿಯಲ್ಲಿ ಇಡುತ್ತಿದ್ದರು. ಗಾಡಿಯ ಮೇಲೆ ನಿಂತು, "ಸಂದು ಬಿಡಬ್ಯಾಡ್ರಪ್ಪೋ, ಒಂದಕ್ಕೊಂದು ಒತ್ತಿಡ್ರಿ" ಎಂದು ಕೂಗುತ್ತಿದ್ದವನು ನನ್ನ ತಮ್ಮ.

ನನ್ನನ್ನು ನೋಡಿ ಕೆಳಗೆ ಹಾರಿದ. ಒಂದು ಚೂರು ಒಡೆದು ನನ್ನ ಅಂಗೈ ಮೇಲಿಟ್ಟ. ನಾನು ಕೈ ಕೊಡವಿಬಿಟ್ಟೆ.

"ಏನ್ಲಾ ಇದು, ಕೆಂಡ ಇದ್ದಂಗೈತೆ!"

"ಬಾಯಿಗೆ ಹಾಕ್ಕೋ ಅಣ್ಣ. ನೋಡ್ತಾ ನಿಂತ್ಕೊಂಡ್ರೆ ಅದೇನು ನಿನ್ನ ಕಾಯ್ಕೊಂಡಿರಲ್ಲ" ಅಂದ.

ಇನ್ನೊಂದು ಚೂರು ಕೊಟ್ಟ. ಬಾಯಿಗೆ ಹಾಕಿಕೊಂಡೆ. ಹಲ್ಲು ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಗಾಡಿಯವರೆಲ್ಲ ನಕ್ಕರು. ಆ ನಗುವಿನಲ್ಲಿ ನನ್ನ ತಮ್ಮನೂ ಇದ್ದ. ಅವನು ಅಷ್ಟು ಖುಷಿಯಾಗಿದ್ದುದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ. ಅದು ನನಗೆ ಸ್ವಲ್ಪ ಚುಚ್ಚಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದಕ್ಕೆ ಅದೂ ಒಂದು ಬೇರು.

ನಮ್ಮದು ಮುಳಬಾಗಿಲು ತಾಲ್ಲೂಕು, ತಾಯಲೂರಿನ ಹತ್ತಿರದ ಹಳ್ಳಿ. ನಾನು ಓದಿದ್ದು ಮೂರನೇ ಕ್ಲಾಸು, ತಮ್ಮ ಅಷ್ಟೂ ಓದಲಿಲ್ಲ. ನಮ್ಮ ಮನೆಯ ಕೆಲಸ ಹಗೇವು ತೋಡುವುದು ಮತ್ತು ತೆಗೆಯುವುದು. ನಮ್ಮ ಕಡೆ ಸ್ವಲ್ಪ ರಾಗಿ ಬೆಳೆದವರು ಮನೆಯೊಳಗೆ ಮಣ್ಣಿನ ವಾಡೆಯಲ್ಲಿ ಇಡುತ್ತಿದ್ದರು, ಹೆಚ್ಚು ಬೆಳೆದವರು ನೆಲದೊಳಗೆ. ಗಟ್ಟಿ ನೆಲ ನೋಡಿ, ಗಡಿಗೆಯ ಹಾಗೆ ಬಾಯಿ ಸಣ್ಣದು ಹೊಟ್ಟೆ ದೊಡ್ಡದು ಮಾಡಿ ಗುಂಡಿ ತೋಡಬೇಕು. ಒಳಗೆ ಸುತ್ತ ಹುಲ್ಲು ಹೊದಿಸಿ, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಬೇಕು. ಅದೇ ಹಗೇವು. ಒಳ್ಳೆಯ ಹಗೇವಿನಲ್ಲಿ ರಾಗಿ ಎಷ್ಟೋ ವರ್ಷ ಕೆಡದೆ ಇರುತ್ತದೆ.

ತೋಡುವುದಕ್ಕಿಂತ ತೆಗೆಯುವುದು ಅಪಾಯ. ಮುಚ್ಚಿದ ಗುಂಡಿಯೊಳಗೆ ಗಾಳಿ ಕೆಟ್ಟಿರುತ್ತದೆ. ಅದಕ್ಕೆ ವಾಸನೆಯೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ನಮ್ಮ ಚಿಕ್ಕಪ್ಪ ಚಪ್ಪಡಿ ಎತ್ತಿದ ಕೂಡಲೇ ಇಳಿದವರು ಮತ್ತೆ ಹತ್ತಲಿಲ್ಲ. ಅವರನ್ನು ಮೇಲೆ ಎಳೆದಾಗ ನಾನು ಪಕ್ಕದಲ್ಲೇ ಇದ್ದೆ. ಮುಖದ ಮೇಲೆ ಒಂದು ಗಾಯವಿರಲಿಲ್ಲ, ನಿದ್ದೆ ಬಂದವರ ಹಾಗಿದ್ದರು. ಅಂದಿನಿಂದ ಅಪ್ಪ ನಮಗೆ ಕಲಿಸಿದ್ದು ಒಂದೇ ಕ್ರಮ. ಬಾಯಿ ತೆಗೆದ ಮೇಲೆ ಎರಡು ಜಾವ ಸುಮ್ಮನಿರಬೇಕು. ಮೇಲಿನ ಹುಲ್ಲು ಎಳೆದುಹಾಕಬೇಕು. ಹೊಂಗೆಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಗುಂಡಿಯಲ್ಲಿ ಮೇಲಕ್ಕೂ ಕೆಳಕ್ಕೂ ಆಡಿಸಿ ಕೆಟ್ಟ ಗಾಳಿ ಹೊರಗೆ ದಬ್ಬಬೇಕು. ಆಮೇಲೆ ದೀಪ ಇಳಿಬಿಡಬೇಕು. ದೀಪ ಆರಿದರೆ ಮತ್ತೆ ಮೊದಲಿಂದ. ದೀಪ ನಿಂತರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯಬೇಕು, ಇನ್ನೊಬ್ಬ ಮೇಲೆ ಹಗ್ಗ ಹಿಡಿದಿರಬೇಕು.

ಅಪ್ಪ ಹೋದ ಮೇಲೆ ಇಳಿಯುವವನು ನಾನು, ಹಗ್ಗ ಹಿಡಿಯುವವನು ತಮ್ಮ. ಅವನ ಕೈಯಲ್ಲಿ ಹಗ್ಗವಿದ್ದರೆ ನಾನು ಕಣ್ಣು ಮುಚ್ಚಿ ಇಳಿಯುತ್ತಿದ್ದೆ. ಆದರೆ ಅವನಿಗೆ ಈ ಕೆಲಸ ಹಿಡಿಸಲಿಲ್ಲ. ಮಾಲೂರಿನಿಂದ ಕೋಲಾರದ ಕಡೆಗೆ ಎರಡು ಹರದಾರಿ ದೂರದಲ್ಲಿ ಒಂದು ದೊಡ್ಡ ಮಾವಿನ ತೋಟವಿತ್ತು. ಅಲ್ಲಿ ಹಗೇವು ತೋಡಲು ಹೋದವರು ಹದಿನೈದು ದಿನ ಉಳಿದೆವು. ವಾಪಸು ಬರುವಾಗ ನಾನೊಬ್ಬನೇ ಬಂದೆ. ಅಲ್ಲಿದ್ದ ಐಸುಗುಂಡಿಯನ್ನು ನೋಡಿ ಅವನು ಮರುಳಾಗಿದ್ದ; ನಾನು ಅದರೊಳಗೆ ಇಣುಕಿಯೂ ನೋಡಿರಲಿಲ್ಲ. ಅದನ್ನು ಕಾಯುತ್ತಿದ್ದ ಮುದುಕನಿಗೆ ಕಣ್ಣು ಮಂಜಾಗಿತ್ತು. ತಮ್ಮ ಅವನ ಜೊತೆ ನಿಂತುಬಿಟ್ಟ.

"ಹೆಂಡ್ತಿ ಬಿಟ್ಟು ಓಡೋಗೋರನ್ನ ನೋಡಿದೀನಿ. ಕಸುಬು ಬಿಟ್ಟು ಓಡೋಗೋನು ನೀನೇ ಮೊದಲು" ಅಂದೆ.

"ಇದೂ ಗುಂಡಿನೇ ಅಲ್ವಾ ಅಣ್ಣ" ಅಂದು ನಕ್ಕ.

ಆಮೇಲೆ ನನ್ನ ಹಗ್ಗ ಹಿಡಿಯಲು ಯಾರ್‍ಯಾರನ್ನೋ ಕರೆದುಕೊಂಡು ಹೋಗಬೇಕಾಯಿತು. ಒಬ್ಬ ಬೀಡಿ ಹಚ್ಚಲು ಹಗ್ಗ ಬಿಡುತ್ತಿದ್ದ. ಇನ್ನೊಬ್ಬ ದಾರಿಯಲ್ಲಿ ಹೋಗುವವರ ಜೊತೆ ಮಾತಿಗೆ ನಿಲ್ಲುತ್ತಿದ್ದ. ಗುಂಡಿಯ ತಳದಲ್ಲಿ ನಿಂತು ಮೇಲಿನ ದುಂಡನೆಯ ಬೆಳಕು ನೋಡುವಾಗಲೆಲ್ಲ ತಮ್ಮನ ಮೇಲೆ ಸಿಟ್ಟು ಬರುತ್ತಿತ್ತು.

ಆ ತೋಟವನ್ನು ಹಿಂದೆ ಯಾರೋ ಬಿಳಿ ದೊರೆ ಮಾಡಿಸಿದ್ದನಂತೆ. ಆಮೇಲೆ ಬೆಂಗಳೂರಿನ ಸಾಹುಕಾರರೊಬ್ಬರು ಕೊಂಡಿದ್ದರು. ಶ್ರೀನಿವಾಸಪುರದಿಂದ ತರಿಸಿದ ಕಸಿ ಗಿಡಗಳು ಸಾಲಾಗಿ ನಿಂತಿದ್ದವು. ನಡುವೆ ಬಂಗಲೆ. ಬಂಗಲೆಯ ಹಿಂದೆ, ಹುಣಿಸೆಮರಗಳ ನೆರಳಿನಲ್ಲಿ, ಹುಲ್ಲಿನ ಟೋಪಿ ಹಾಕಿಕೊಂಡ ದುಂಡನೆಯ ಇಟ್ಟಿಗೆಯ ಗುಡಿಸಲು. ಅದರೊಳಗೆ ಮೂರಾಳು ಆಳದ ಗುಂಡಿ. ಗೋಡೆಗೆ ಮಾಲೂರಿನ ಇಟ್ಟಿಗೆ, ತಳದಲ್ಲಿ ಮರದ ಹಲಗೆಗಳು. ಕರಗಿದ ನೀರು ಹಲಗೆಯ ಸಂದಿನಿಂದ ಒಂದು ಕೊಳವೆಗೆ ಇಳಿದು, ಹೊರಗೆ ತಗ್ಗಿನಲ್ಲಿ ತೊಟ್ಟಿಕ್ಕುತ್ತಿತ್ತು. ಅಲ್ಲಿ ತಮ್ಮ ಕೊತ್ತಂಬರಿ ಹಾಕಿದ್ದ. ಎಂಥ ಬಿಸಿಲಿನಲ್ಲೂ ಆ ಮಡಿ ಹಸಿರಾಗಿತ್ತು.

ಆ ಗುಡಿಸಲಿಗೆ ಎರಡು ಬಾಗಿಲು, ಒಂದರ ಹಿಂದೆ ಒಂದು, ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಓಣಿ. ಶಿವರಾತ್ರಿ ಕಳೆದ ಮೇಲೆ ರೈಲಿನಲ್ಲಿ ಐಸು ತರಿಸಿ ಗುಂಡಿ ತುಂಬಿಸುತ್ತಿದ್ದರು. ಐದಾರು ಗಾಡಿ ಐಸು. ಮಾಲೂರಿನಿಂದ ತೋಟದವರೆಗೆ ರಸ್ತೆಯುದ್ದಕ್ಕೂ ಗಾಡಿಯಿಂದ ನೀರು ಸೋರಿ ಧೂಳಿನಲ್ಲಿ ಒಂದು ಗೆರೆ ಬೀಳುತ್ತಿತ್ತು. ಊರ ಮಕ್ಕಳು ಆ ಗೆರೆಯ ಮೇಲೆ ಬರಿಗಾಲಿಟ್ಟು ನಡೆದುಕೊಂಡು ಬರುವರು. ಈಗಲೂ ಕಣ್ಣು ಮುಚ್ಚಿದರೆ ಒದ್ದೆ ಧೂಳಿನ ವಾಸನೆ ಮೂಗಿಗೆ ಬರುತ್ತದೆ. ವೈಶಾಖದಲ್ಲಿ ಹಣ್ಣು ಬಂದಾಗ ಸಾಹುಕಾರರು ಬೆಂಗಳೂರಿನ ಸ್ನೇಹಿತರನ್ನೂ ಕೋಲಾರದ ಅಧಿಕಾರಿಗಳನ್ನೂ ಕರೆದು ಮಾವಿನ ಊಟ ಹಾಕುತ್ತಿದ್ದರು. ತಾಮ್ರದ ಹಂಡೆಗಳಲ್ಲಿ ಐಸು ತುಂಬಿ, ಅದರ ಮೇಲೆ ಮಲಗೋವಾ, ಬಾದಾಮಿ, ರಸಪುರಿ ಹಣ್ಣುಗಳನ್ನು ಜೋಡಿಸುವರು. "ಇದು ನಮ್ಮ ಗುಂಡಿಯ ಐಸು" ಎಂದು ಹೇಳಿಕೊಳ್ಳುವುದು ಸಾಹುಕಾರರಿಗೆ ಹಣ್ಣಿಗಿಂತ ಹೆಚ್ಚಿನ ಸಂತೋಷ.

ಮುದುಕ ತೀರಿಕೊಂಡ ಮೇಲೆ ಗುಂಡಿ ತಮ್ಮನ ಕೈಗೆ ಬಂತು. ಮುದುಕ ಬರೀ ಹುಲ್ಲು ಹೊದಿಸುತ್ತಿದ್ದ. ತಮ್ಮ ತನ್ನದೇ ಒಂದು ರೀತಿ ಕಂಡುಹಿಡಿದ. ಭತ್ತದ ಹೊಟ್ಟು ಎರಡು ಪಾಲು, ಮಾಲೂರಿನಲ್ಲಿ ಮರ ಕೊಯ್ಯುವ ಕಡೆಯಿಂದ ತಂದ ಮರದ ಹೊಟ್ಟು ಒಂದು ಪಾಲು. ಎರಡನ್ನೂ ವಾರಗಟ್ಟಲೆ ಒಣಗಿಸಿ, ಬೆರೆಸಿ, ಐಸಿನ ಸುತ್ತ ನಿಲ್ಲಿಸಿದ ಚಾಪೆಗೂ ಗೋಡೆಗೂ ನಡುವೆ ಒಂದು ಗೇಣು ದಪ್ಪ ತುಂಬಿದ. ಐಸಿನ ಮೇಲೆ ಒಂದು ಮೊಳ ದಪ್ಪ ಅದೇ ಹೊಟ್ಟು, ಅದರ ಮೇಲೆ ಗೋಣಿ. ಸಾಹುಕಾರರಿಗೆ ಅನುಮಾನವಿತ್ತು. "ಈ ವರ್ಷ ಮಾವಿನ ಊಟದ ತನಕ ಅರ್ಧ ಉಳಿಸಿಕೊಡು. ಗುಂಡಿ ನಿನಗೇ, ಪಕ್ಕದ ಹೆಂಚಿನ ಮನೆಯೂ ನಿನಗೇ" ಎಂದು ಮಾತು ಕೊಟ್ಟಿದ್ದರು. ಎರಡು ಕೋಣೆಯ ಮನೆ. ತಮ್ಮನ ಹೆಂಡತಿ ಆಗ ಬಾಣಂತನಕ್ಕೆ ಮುಳಬಾಗಿಲಿನ ಹತ್ತಿರ ತವರಿಗೆ ಹೋಗಿದ್ದಳು. ತಾಯಿ ಮಗುವನ್ನು ನೇರ ಆ ಮನೆಗೇ ಕರೆತರಬೇಕು ಅನ್ನುವುದು ಅವನ ಆಸೆ.

ಊಟಕ್ಕೆ ಇನ್ನು ಹತ್ತು ದಿನವಿರುವಾಗ ನನ್ನನ್ನು ಕರೆಸಿದ. ಹೆಣ್ಣುಮಗು ಹುಟ್ಟಿತ್ತು. ನಾಮಕರಣಕ್ಕೆ ಹೋಗಿ ಬರಲು ಎರಡು ದಿನ ಬೇಕಿತ್ತು.

"ಬೇರೆ ಯಾರನ್ನಾದ್ರೂ ಇಟ್ಟೋಗು. ನನಗೇನು ಗೊತ್ತು ಐಸಿನ ಸಂಗ್ತಿ" ಅಂದೆ.

"ಬೇರೆಯೋರನ್ನ ನಂಬಲ್ಲ ಅಣ್ಣ. ನೀನು ಗುಂಡಿ ಬಲ್ಲೋನು. ದಿನಾ ಬೆಳಿಗ್ಗೆ ಅಡಿಗೆ ಅಯ್ಯನೋರಿಗೆ ಒಂದು ಬುಟ್ಟಿ ಐಸು ಕೊಡ್ಬೇಕು, ಅಷ್ಟೇ. ಹೊರಗಿನ ಬಾಗಿಲು ತೆಗಿ, ಒಳಗೆ ಹೋಗು, ಅದನ್ನ ಮುಚ್ಚು. ಆಮೇಲೆ ಒಳಗಿನ ಬಾಗಿಲು. ಎರಡೂ ಒಟ್ಟಿಗೆ ತೆಗೀಬ್ಯಾಡ. ಬೇಕಾದಷ್ಟು ತಗೊಂಡು ಹೊಟ್ಟು ಮುಚ್ಚಿ ಬಂದ್ಬಿಡು."

"ಹೊಟ್ಟೆಯೊಳಗಿಂದ ಈಚೆಗೆ ಬಂದಾಗಿಂದ ಗುಂಡಿ ನೋಡ್ತಿದೀನಿ. ನನಗೇ ಪಾಠ ಹೇಳ್ತೀಯೇನ್ಲಾ?"

"ಪಾಠ ಅಲ್ಲ ಕಣಣ್ಣ. ಒಂದ್ಸಲ ಹೇಳ್ದೆ ಅಷ್ಟೇ. ಹೋಗ್ಬರ್ತೀನಿ" ಎಂದು ಕಾಲು ಮುಟ್ಟಿ ಹೋದ.

ಮರುದಿನ ಬೆಳಿಗ್ಗೆ ಅವನು ಹೇಳಿದ ಹಾಗೇ ಹೊರಬಾಗಿಲು ತೆಗೆದು ಓಣಿಗೆ ಹೋಗಿ ಮುಚ್ಚಿಕೊಂಡೆ. ಕೈಯಲ್ಲಿ ಹಣತೆ ಇತ್ತು. ಒಳಬಾಗಿಲು ತೆಗೆದೆ. ಕತ್ತಲು, ಒದ್ದೆ ಹೊಟ್ಟಿನ ವಾಸನೆ, ಮೂಳೆಗೆ ತಾಗುವ ಚಳಿ. ಏಣಿಯ ಹತ್ತಿರ ಬಗ್ಗಿ ಹಣತೆಯನ್ನು ಕೆಳಗೆ ಚಾಚಿದೆ. ದೀಪ ಸಣ್ಣಗಾಯಿತು, ಒಂದು ಕ್ಷಣ ಹೊಯ್ದಾಡಿತು, ಆರಿತು.

ನನ್ನ ಕಣ್ಣಿಗೆ ಚಿಕ್ಕಪ್ಪನ ಮುಖವೇ ಬಂತು. ತಮ್ಮ ದಿನಾ ಈ ಗುಂಡಿಗೆ ಇಳಿಯುತ್ತಾನೆ, ಇನ್ನೂ ಬದುಕಿದ್ದಾನೆ ಅನ್ನುವುದು ಆಗ ತಲೆಗೆ ಹೋಗಲಿಲ್ಲ. ದಡದಡನೆ ಹೊರಗೆ ಬಂದೆ. ನನಗೆ ಗೊತ್ತಿದ್ದ ಕೆಲಸ ಮಾಡಿದೆ. ಎರಡು ಬಾಗಿಲನ್ನೂ ಹಾರುಹೊಡೆದು ಕಲ್ಲು ಒರಗಿಸಿದೆ. ಕೋಲಿನಿಂದ ಮೇಲಿನ ಗೋಣಿ ಎಳೆದುಹಾಕಿದೆ, ಹೊಟ್ಟನ್ನು ಬದಿಗೆ ಸರಿಸಿದೆ. ಹೊಂಗೆಸೊಪ್ಪು ಮುರಿದುಕೊಂಡು ಬಂದು ಹಗ್ಗಕ್ಕೆ ಕಟ್ಟಿ ಗುಂಡಿಯಲ್ಲಿ ಆಡಿಸಿದೆ, ಎರಡು ಜಾವ. ಬೆವರು ಸುರಿಯಿತು. ಅಷ್ಟು ಶ್ರದ್ಧೆಯಿಂದ ನಾನು ಯಾವ ಹಗೇವಿಗೂ ಗಾಳಿ ಹಾಕಿರಲಿಲ್ಲ. ಹೊರಗೆ ಬಿಸಿಗಾಳಿ ಬೀಸುತ್ತಿತ್ತು. ಅದು ಒಳಗೆ ಹೋಗುವುದನ್ನು ನೋಡಿ ನನಗೆ ಸಮಾಧಾನವಾಯಿತು. ಕೊಳವೆಯಿಂದ ನೀರು ಧಾರೆಯಾಗಿ ಬೀಳತೊಡಗಿತ್ತು. ಕೊತ್ತಂಬರಿಗೆ ಒಳ್ಳೆಯದಾಯಿತು ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

ನೆತ್ತಿಯ ಮೇಲೆ ಹೊತ್ತು ಬಂದ ಮೇಲೆ ಅಡಿಗೆ ಅಯ್ಯನವರು ಬುಟ್ಟಿ ಹಿಡಿದು ಬಂದರು.

"ಏನಪ್ಪಾ, ಐಸು ಕೇಳಿದ್ರೆ ಗುಂಡಿಗೇ ಬೀಸಣಿಗೆ ಹಾಕ್ತಿದೀಯಾ?"

"ಜೀವಕ್ಕಿಂತ ಐಸು ದೊಡ್ಡದಾ ಅಯ್ಯನೋರೇ?" ಅಂದೆ. ಅವರಿಗೂ ಗುಂಡಿಯ ವಿಷಯ ಗೊತ್ತಿರಲಿಲ್ಲ. ತಲೆಯಾಡಿಸಿ, ಬುಟ್ಟಿ ತುಂಬಿಸಿಕೊಂಡು ಹೋದರು.

ಎರಡನೆಯ ದಿನವೂ ಅದನ್ನೇ ಮಾಡಿದೆ. ಎರಡು ಜಾವ ಕಳೆದು ಏಣಿಯಿಂದ ಇಳಿಯಲು ಕಾಲು ಚಾಚಿದಾಗ ಐಸು ಸಿಗಲಿಲ್ಲ. ಹಿಂದಿನ ದಿನ ನಾಲ್ಕನೇ ಮೆಟ್ಟಿಲಿಗೆ ಸಿಕ್ಕಿತ್ತು. ಐದು, ಆರು, ಏಳು. ಒಂಬತ್ತನೇ ಮೆಟ್ಟಿಲಿನ ಕೆಳಗೆ ಕಾಲಿಗೆ ನೀರು ತಾಗಿತು. ನೀರಿನ ಕೆಳಗೆ ಐಸು. ಆಗ ನನಗೆ ತಿಳಿಯಿತು. ದೀಪ ಆರಿದ್ದು ಗುಂಡಿಯ ತಣ್ಣನೆಯ ತೇವಕ್ಕೆ, ಕೆಟ್ಟ ಗಾಳಿಗಲ್ಲ. ಹಗೇವಿನಲ್ಲಿ ಗಾಳಿ ಹೊರಗೆ ಹೋಗಬೇಕು, ಇಲ್ಲಿ ಗಾಳಿ ಒಳಗೆ ಬರಬಾರದು. ಇಷ್ಟೇ ವಿಷಯ. ತಮ್ಮ ಅದನ್ನೇ ಹೇಳಿ ಹೋಗಿದ್ದ.

ಇಷ್ಟು ತನಕ ನಾನು ಮಾಡಿದ್ದು ತಿಳಿಯದೆ ಮಾಡಿದ್ದು. ಅದಕ್ಕೆ ನಾನು ಅಳುವುದಿಲ್ಲ. ಮುಂದಿನದು ಹಾಗಲ್ಲ.

ಮೊದಲು ಹೊಟ್ಟನ್ನು ಮೇಲೆ ಹರಡಿದೆ, ಗೋಣಿ ಹೊದಿಸಿದೆ, ಬಾಗಿಲುಗಳನ್ನು ಮುಚ್ಚಿದೆ. ಹೊಂಗೆಸೊಪ್ಪನ್ನು ಬೇಲಿಯಾಚೆ ಎಸೆದೆ. ಕೊಳವೆಯ ಮುಂದೆ ನೆಲವೆಲ್ಲ ಕೆಸರಾಗಿತ್ತು, ಕೊತ್ತಂಬರಿ ಮಲಗಿಬಿಟ್ಟಿತ್ತು. ತಮ್ಮ ಮೊದಲು ನೋಡುವುದೇ ಆ ಜಾಗ. ತೊಟ್ಟು ಎಷ್ಟು ಬೇಗ ಬೀಳುತ್ತದೆ ಅನ್ನುವುದರಿಂದಲೇ ಅವನು ಗುಂಡಿಯ ಆರೋಗ್ಯ ಹೇಳುತ್ತಿದ್ದ. ನಾನು ಬುಟ್ಟಿಯಲ್ಲಿ ಒಣಮಣ್ಣು ತಂದು ಆ ಕೆಸರಿನ ಮೇಲೆ ಹರಡಿದೆ. ಕೊತ್ತಂಬರಿಯನ್ನು ಕಿತ್ತು ತೋಟದ ಎಮ್ಮೆಗೆ ಹಾಕಿದೆ. ಆ ಮಣ್ಣನ್ನು ಹರಡಿದ ಕೈ ಇದೇ, ಈಗ ಬರೆಯುತ್ತಿರುವುದು.

ತಮ್ಮ ಸಂಜೆ ಬಂದ. ಮಗುವಿಗೆ ನಮ್ಮ ಅಮ್ಮನ ಹೆಸರಿಟ್ಟಿದ್ದ.

"ಕೊತ್ತಂಬರಿ ಏನಾಯ್ತಣ್ಣ?"

"ಎಮ್ಮೆ ನುಗ್ಗಿತ್ತು ಕಣೋ."

"ಹೋಗ್ಲಿ ಬಿಡು" ಅಂದು, ನಾಮಕರಣದ ಕೊಬ್ಬರಿ ಸಕ್ಕರೆ ಕೈಗೆ ಕೊಟ್ಟ. ತಿಂದೆ.

ಬೆಳಿಗ್ಗೆ ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. "ಅಣ್ಣ, ನೀನು ತೆಗೆದಾಗ ಎಷ್ಟಿತ್ತು?" ಎಂದು ಕೇಳಿದ.

ನಿಜ ಹೇಳಲು ಒಂದೇ ಮಾತು ಸಾಕಿತ್ತು.

"ನಾನು ಮೇಲೆ ಮೇಲೆ ತೆಗ್ದೆ. ಆಳ ನೋಡ್ಲಿಲ್ಲ" ಅಂದೆ.

ಅವನು ನನ್ನನ್ನು ಅನುಮಾನದಿಂದ ನೋಡಲೇ ಇಲ್ಲ. ಕೂಡಲೇ ತನ್ನ ಕೈಯನ್ನು ನೋಡಿಕೊಂಡ. "ಮರದ ಹೊಟ್ಟು ಹಸಿ ಇತ್ತು ಅನ್ಸುತ್ತೆ. ಇನ್ನೊಂದು ವಾರ ಒಣಗಿಸ್ಬೇಕಿತ್ತು" ಅಂದ.

ಸಾಹುಕಾರರು ಬಂದರು. ಅವರು ಕೂಗಾಡುವ ಜನವಲ್ಲ. ಒಳಗೆ ಇಣುಕಿ ನೋಡಿ, ಒಂದು ಹಿಡಿ ಹೊಟ್ಟು ತೆಗೆದು ಹಿಂಡಿದರು. ನೀರು ಸೋರಿತು.

"ಹಳಬ ಹುಲ್ಲು ಹಾಕ್ತಿದ್ದ. ನಿನಗೆ ನಿನ್ನ ಬುದ್ಧಿ ಓಡಿಸೋ ಆಸೆ. ಏನಯ್ಯಾ, ಈಗ ನನ್ನ ಸ್ನೇಹಿತರಿಗೆ ನಿನ್ನ ಬುದ್ಧೀನ ಹಂಡೇಲಿ ಇಟ್ಟು ಕೊಡ್ಲಾ?"

"ನನ್ನದೇ ತಪ್ಪು ಸ್ವಾಮಿ."

"ನಿನ್ನದೇ ಅಲ್ದೆ ಇನ್ಯಾರದು?"

ನಾನು ತಮ್ಮನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವನ ಕತ್ತಿನ ಹಿಂದೆ ಹೊಟ್ಟಿನ ಪುಡಿ ಅಂಟಿತ್ತು. ಅದನ್ನೇ ನೋಡುತ್ತ ನಿಂತಿದ್ದೆ. ಸಾಹುಕಾರರು ಊಟಕ್ಕೆ ರೈಲಿನಲ್ಲಿ ಬೇರೆ ಐಸು ತರಿಸಿದರು. ಗುಂಡಿಗೆ ಬೀಗ ಬಿತ್ತು. ಆಮೇಲೆ ಅದನ್ನು ಮತ್ತೆ ತುಂಬಿಸಲೇ ಇಲ್ಲ. ಹೆಂಚಿನ ಮನೆ ತೋಟದ ಮಾಲಿಗೆ ಹೋಯಿತು. ತಮ್ಮ ಬಟ್ಟೆಗಂಟು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಹೊರಟ. ದಾರಿಯಲ್ಲಿ ನನಗೆ ದುಃಖವಿತ್ತು. ಆ ದುಃಖದ ಕೆಳಗೆ, ಇನ್ನು ಹಗ್ಗಕ್ಕೆ ಒಳ್ಳೆಯ ಕೈ ಸಿಕ್ಕಿತು ಅನ್ನುವ ಒಂದು ಸಣ್ಣ ನೆಮ್ಮದಿಯೂ ಇತ್ತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಹೀಗೆ ಎಂಟು ಒಂಬತ್ತು ವರ್ಷ ಕಳೆಯಿತು. ನಾನು ಇಳಿಯುತ್ತಿದ್ದೆ, ಅವನು ಹಗ್ಗ ಹಿಡಿಯುತ್ತಿದ್ದ. ಮೊದಲಿನ ಹಾಗೆ ತಮಾಷೆ ಮಾಡುತ್ತಿರಲಿಲ್ಲ. ಯಾವ ಕೆಲಸ ಮಾಡಿದರೂ ಎರಡೆರಡು ಸಲ ನೋಡುವನು. ಹಗೇವಿಗೆ ಹುಲ್ಲು ಹೊದಿಸಿ ಮುಗಿಸಿದ ಮೇಲೂ, "ಅಣ್ಣ, ನೀನೊಂದ್ಸಲ ಮುಟ್ಟಿ ನೋಡು. ನನ್ನ ಕೈ ಮೇಲೆ ನನಗೆ ಧೈರ್ಯ ಇಲ್ಲ" ಅನ್ನುವನು. ಅವನ ಮಗಳು ಒಂದು ಸಲ ಗಡಿಗೆಗೆ ಮುಚ್ಚಳ ಹಾಕು ಅಂದರೆ, ಹಾಕಿ ಬಂದು, ಮತ್ತೆ ಎದ್ದು ಹೋಗಿ ನೋಡಿ ಬಂದ.

ಕೋಲಾರದಲ್ಲಿ ಸೋಡಾ ಅಂಗಡಿ ಇಟ್ಟಿದ್ದ ಸಾಬರೊಬ್ಬರಿಗೆ ಅವನ ಕೈಗುಣ ಗೊತ್ತಿತ್ತು. ಸಂತೆಗೆ ಹೋದಾಗಲೆಲ್ಲ ಕರೆಯುವರು.

"ಅರೆ ಭಾಯಿ, ನಮ್ದು ಅಂಗಡೀಲಿ ಐಸು ಬೆಳಿಗ್ಗೆ ಬರ್ತೈತೆ, ಮಧ್ಯಾಹ್ನಕ್ಕೆ ತೀರ್ಕೊಂತೈತೆ. ದಿನಾ ಒಂದು ಸಾವು. ನೀವು ಬಂದು ಸ್ವಲ್ಪ ಆಯುಸ್ಸು ಕೊಡಿ."

"ನನ್ನ ಕೈಯಲ್ಲಿ ಐಸು ಬಾಳಲ್ಲ ಸಾಬ್ರೇ" ಅನ್ನುವನು ತಮ್ಮ. ನಾನು ಸೋಡಾ ಕುಡಿದು ಬಾಟಲಿನ ಗೋಲಿ ನೋಡುತ್ತ ಕೂತಿರುತ್ತಿದ್ದೆ.

ಯುದ್ಧದ ಕಾಲ ಬಂತು. ಧಾನ್ಯಕ್ಕೆ ತಾಪತ್ರಯವಾಯಿತು. ಸಾಹುಕಾರರ ಬಂಗಲೆಗೆ ಸೀಮೆಎಣ್ಣೆಯಲ್ಲಿ ತಣ್ಣಗಾಗುವ ಪೆಟ್ಟಿಗೆ ಬಂದಿತ್ತು, ಅದೇ ಐಸು ಮಾಡುತ್ತಿತ್ತು. ಹಳೆಯ ಐಸುಗುಂಡಿಯನ್ನು ರಾಗಿಗೆ ಹಗೇವು ಮಾಡಿಕೊಡಿ ಎಂದು ಮಾಲಿಯ ಕೈಯಲ್ಲಿ ನಮಗೇ ಹೇಳಿಕಳಿಸಿದರು. ಬೇಡ ಅಂದೆ. ತಮ್ಮ ಹೋಗೋಣ ಅಂದ.

ಅಲ್ಲಿಗೆ ಹೋದ ಮೇಲೆ ಅವನೇ ಹೇಳಿದ, "ಇವತ್ತು ನಾನಿಳೀತೀನಿ. ಹಗ್ಗ ನೀನು ಹಿಡ್ಕೊ."

ಕ್ರಮವಾಗಿ ಗಾಳಿ ಹಾಕಿದೆವು, ದೀಪ ಇಳಿಬಿಟ್ಟೆವು, ದೀಪ ನಿಂತಿತು. ಅವನು ಇಳಿದ. ನಾನು ಹಗ್ಗ ಹಿಡಿದು ಮೇಲೆ ಕೂತೆ. ಹಳೆಯ ಹೊಟ್ಟನ್ನು ಬುಟ್ಟಿಗೆ ತುಂಬಿ ಕಳಿಸಬೇಕಿತ್ತು. ಬುಟ್ಟಿ ಬರಲಿಲ್ಲ.

"ಏನ್ಲಾ ಮಾಡ್ತಿದೀಯ?"

"ಅಣ್ಣ, ಇಲ್ಲಿ ನೋಡು. ಚಾಪೆ ಹಿಂದಿನ ಹೊಟ್ಟು ಇನ್ನೂ ಪುಡಿಪುಡಿಯಾಗೈತೆ. ತಳದಲ್ಲೂ ಹಂಗೇ. ಒದ್ದೆ ಆಗೇ ಇಲ್ಲ." ಅವನ ದನಿಯಲ್ಲಿ ಆತುರ ಇತ್ತು. "ಮೇಲಿನ ಮೂರು ಮೊಳ ಮಾತ್ರ ಹೆಂಟೆ ಕಟ್ಟೈತೆ. ಅಂದ್ರೆ ಬಿಸಿ ಗೋಡೆಯಿಂದ ಬಂದಿಲ್ಲ ಅಣ್ಣ. ಮೇಲಿಂದ ಬಂದೈತೆ. ಬಾಗಿಲಿಂದ. ನಾನು ಬಾಗಿಲು ಸರಿಯಾಗಿ ಮುಚ್ತಿದ್ನಲ್ಲ... ಮುಚ್ತಿದ್ನಾ? ನಿನಗೇನಾದ್ರೂ ನೆನಪೈತಾ?"

ಅವನು ತಲೆ ಎತ್ತಿ ನೋಡುತ್ತಿದ್ದ. ಬೆಳಕು ಅವನ ಮುಖದ ಮೇಲಿತ್ತು. ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ ಅನ್ನಿಸುತ್ತದೆ. ಹಗ್ಗದ ಒಂದು ತುದಿ ಅವನ ಸೊಂಟದಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ. ಸುಳ್ಳು ಹೇಳಿದರೆ ಹಗ್ಗಕ್ಕೆ ಗೊತ್ತಾಗುತ್ತದೆ ಅನ್ನುವಂಥ ಭಯವಾಯಿತು.

"ನೀನು ಮುಚ್ತಿದ್ದೆ. ನಾನು ತೆಗೆದಿಟ್ಟೆ" ಅಂದೆ.

"ಯಾವಾಗ?"

ಎಲ್ಲವನ್ನೂ ಹೇಳಿದೆ. ದೀಪ ಆರಿದ್ದು, ಹೊಂಗೆಸೊಪ್ಪು, ಒಣಮಣ್ಣು, ಎಮ್ಮೆಯ ಸುಳ್ಳು. ಗುಂಡಿಯೊಳಗೆ ಮಾತಾಡಿದರೆ ಮಾತು ದೊಡ್ಡದಾಗಿ ಕೇಳುತ್ತದೆ. ನನ್ನ ಮಾತು ಎರಡೆರಡು ಸಲ ನನಗೇ ಕೇಳಿಸಿತು.

ಅವನು ಬೈಯಲಿಲ್ಲ. "ಎರಡೂ ಬಾಗಿಲಾ?" ಎಂದು ಕೇಳಿದ.

"ಎರಡೂ."

"ಎಷ್ಟು ಹೊತ್ತು?"

"ಎರಡು ಜಾವ."

"ಎರಡು ದಿನವೂ? ಗೋಣಿ ತೆಗೆದು? ಹೊಟ್ಟು ಸರಿಸಿ?"

"ಹೂಂ."

ಕೆಳಗೆ ಹೊಟ್ಟು ಕೆದಕುವ ಸದ್ದಾಯಿತು. ಆಮೇಲೆ ನಗು ಕೇಳಿಸಿತು. ಹುಚ್ಚು ಹಿಡಿಯಿತೇನೋ ಎಂದು ಹೆದರಿದೆ.

"ಅಣ್ಣಾ! ಎರಡು ದಿನ ಎರಡೂ ಬಾಗಿಲು ತೆಗೆದು, ವೈಶಾಖದ ಬಿಸಿಲಿಗೆ ಬೀಸಣಿಗೆ ಹಾಕಿದ್ರೂ, ಮೂರರಲ್ಲಿ ಒಂದು ಪಾಲು ಉಳಿದಿತ್ತು! ಉಳಿದಿತ್ತಲ್ವಾ? ನಾನೇ ನೋಡ್ದೆ. ಆ ಮುದುಕನ ಹುಲ್ಲಾಗಿದ್ರೆ ಒಂದು ಚೂರು ಇರ್ತಿರ್ಲಿಲ್ಲ. ಸರಿಯಾಗೇ ತುಂಬಿದ್ದೆ ಕಣಣ್ಣ ನಾನು!"

ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ತೂರಿದ. ಬೆಳಕಿನಲ್ಲಿ ಅದು ಹರಡಿಕೊಂಡು ಅವನ ತಲೆಯ ಮೇಲೇ ಬಿತ್ತು. ಚಿಕ್ಕ ಮಗುವಿನ ಹಾಗೆ ನಗುತ್ತಿದ್ದ. ಆ ನಗು ನಡುವೆಯೇ ನಿಂತುಹೋಯಿತು. ಕಳೆದ ವರ್ಷಗಳೆಲ್ಲ ಒಟ್ಟಿಗೆ ಅವನ ತಲೆಗೆ ಬಂದಿರಬೇಕು.

ಹಗ್ಗವನ್ನು ಸೊಂಟದಿಂದ ಬಿಚ್ಚಿದ. ಏಣಿ ಹಿಡಿದು ಹತ್ತಿ ಬಂದ. ನಾನು ಕೈ ಚಾಚಿದೆ, ಹಿಡಿಯಲಿಲ್ಲ.

"ಸಾಹುಕಾರ್ರು ಆ ದಿನ ಕೇಳಿದ್ರಲ್ಲ, ನಿನ್ನದಲ್ದೆ ಇನ್ಯಾರದು ಅಂತ. ನೀನೆಲ್ಲಿದ್ದೆ?"

"ನಿನ್ನ ಹಿಂದೆ."

"ಹಿಂದೆ" ಅಂದ. ಅಷ್ಟೇ. ಮರದ ಕೆಳಗೆ ಹೋಗಿ ಬೆನ್ನು ತಿರುಗಿಸಿ ಕೂತ.

"ಈಗಲೇ ಹೋಗಿ ಸಾಹುಕಾರ್ರಿಗೆ ಹೇಳ್ತೀನಿ" ಅಂದೆ.

"ಬ್ಯಾಡ. ಅವರಿಗೆ ಪೆಟ್ಟಿಗೆ ಬಂದೈತೆ. ಬೆಳಿಗ್ಗೆ ನನ್ನನ್ನ ನೋಡಿ ನೀನು ಯಾವೂರಿನೋನಯ್ಯಾ ಅಂದ್ರು. ಅವ್ರಿಗೆ ನೆನಪೇ ಇಲ್ಲ. ನನ್ನ ಒಂಬತ್ತು ವರ್ಷ ಯಾರಿಗೂ ನೆನಪಿಲ್ಲ, ನಮ್ಮಿಬ್ರನ್ನ ಬಿಟ್ರೆ."

ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಮೂರು ದಿನ ಇದ್ದು, ಕೊಳವೆ ಮುಚ್ಚಿ, ಸಗಣಿ ಮಣ್ಣು ಮೆತ್ತಿ, ಹಗೇವು ಮಾಡಿಕೊಟ್ಟೆವು. ಆ ಮೂರು ದಿನವೂ ಅವನೇ ಇಳಿದ, ಹಗ್ಗ ಕಟ್ಟಿಕೊಳ್ಳದೆ. ಹುಲ್ಲು ಹೊದಿಸಿದ ಮೇಲೆ ಮುಟ್ಟಿ ನೋಡು ಎಂದು ಕೇಳಲಿಲ್ಲ. ಊರಿಗೆ ಬಂದ ಮಾರನೆಯ ವಾರ ಹೆಂಡತಿ ಮಗಳನ್ನು ಕರೆದುಕೊಂಡು ಕೋಲಾರಕ್ಕೆ ಹೋದ, ಸಾಬರ ಅಂಗಡಿಗೆ.

ಅಲ್ಲಿ ಅಂಗಡಿಯ ಹಿಂದೆ ಸಣ್ಣ ಗುಂಡಿ ತೋಡಿಸಿ, ಇಟ್ಟಿಗೆ ಕಟ್ಟಿಸಿ, ಅದೇ ಎರಡು ಪಾಲು ಒಂದು ಪಾಲಿನ ಹೊಟ್ಟು ತುಂಬಿದ. ಸೋಮವಾರ ಬಂದ ಐಸು ಶನಿವಾರಕ್ಕೂ ಇರುತ್ತಿತ್ತು. ಮದುವೆ ಮನೆಯವರು, ಜ್ವರದವರ ಮನೆಯವರು, ಎಲ್ಲರೂ ಅಲ್ಲಿಗೇ ಬರುವರು. ಸಾಬರು ಎಲ್ಲರಿಗೂ ತೋರಿಸಿ, "ಇವರು ನಮ್ದು ಐಸಿನ ಡಾಕ್ಟರು" ಅನ್ನುವರು. ನನ್ನ ಜೊತೆ ತಮ್ಮ ಮಾತು ಬಿಡಲಿಲ್ಲ. ಹಬ್ಬಕ್ಕೆ ಬರುತ್ತಿದ್ದ, ಮಕ್ಕಳ ಮದುವೆಗೆ ನಿಂತ. ಕೆಲಸದ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನು ಬೇರೆಯವರ ಹಗ್ಗದಲ್ಲಿ ಒಂದೆರಡು ವರ್ಷ ಇಳಿದೆ. ಆಮೇಲೆ ಬಿಟ್ಟುಬಿಟ್ಟೆ.

ಒಂದು ಮಧ್ಯಾಹ್ನ ಕೋಲಾರಕ್ಕೆ ಹೋದವನು ಅಂಗಡಿಯಲ್ಲಿ ಕೂತಿದ್ದೆ. ಬೆಂಚಿನ ತುಂಬ ಜನ. ತಮ್ಮ ಐಸು ಒಡೆಯುತ್ತ, ತೋಟದ ಗುಂಡಿಯ ಕಥೆ ಹೇಳುತ್ತಿದ್ದ. ಆ ಕಥೆ ಅವನ ಬಾಯಲ್ಲಿ ಪಳಗಿಹೋಗಿತ್ತು ಅನ್ನುವುದು ಕೇಳಿದರೆ ತಿಳಿಯುತ್ತಿತ್ತು. ಎರಡು ದಿನ ಎರಡೂ ಬಾಗಿಲು ಬಾಯಿ ತೆಗೆದುಕೊಂಡಿದ್ದರೂ ಮೂರರಲ್ಲಿ ಒಂದು ಪಾಲು ಹೇಗೆ ಉಳಿಯಿತು ಅಂದಾಗ ಎಲ್ಲರೂ "ಅಬ್ಬಾ" ಅಂದರು.

"ಅಲ್ಲಾ, ಬಾಗಿಲು ತೆಗೆದಿಟ್ಟ ಆ ಪುಣ್ಯಾತ್ಮ ಯಾರು?" ಎಂದು ಒಬ್ಬ ಕೇಳಿದ.

ತಮ್ಮ ನನ್ನ ಕಡೆ ನೋಡಲಿಲ್ಲ. ಒಡೆದ ಐಸನ್ನು ಲೋಟಕ್ಕೆ ಹಾಕಿ, ನಿಂಬೆಹಣ್ಣು ಹಿಂಡಿ, ಸೋಡಾ ಸುರಿದ.

"ಯಾರೋ. ಐಸಿನ ವಿಷಯ ಗೊತ್ತಿಲ್ದೋರು" ಅಂದು ಆ ಲೋಟವನ್ನು ನನ್ನ ಮುಂದೆ ಇಟ್ಟ.

ಆ ಮನುಷ್ಯ ಇನ್ನೂ ನಗುತ್ತಿದ್ದ. ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಬಾಯಿ ತೆಗೆಯಲು ನನಗೆ ಬೇಕಾದಷ್ಟು ಸಮಯವಿತ್ತು. ತಮ್ಮ ಲೋಟ ಇಟ್ಟ ಮೇಲೂ ಕೈ ತೆಗೆಯದೆ ಒಂದು ಗಳಿಗೆ ಹಾಗೇ ನಿಂತಿದ್ದ. ಅವನು ಕಾಯುತ್ತಿದ್ದ ಎಂದು ಈಗ ಅನ್ನಿಸುತ್ತದೆ. ನಾನು ಲೋಟ ಎತ್ತಿ ಕುಡಿದೆ. ಅವನು ಕೈ ತೆಗೆದು ಮುಂದಿನ ಗಿರಾಕಿಯ ಕಡೆ ತಿರುಗಿದ.

ಅವನು ಹೋಗಿ ಬಹಳ ವರ್ಷವಾಯಿತು. ಆ ಬೆಂಚಿನ ಮೇಲಿದ್ದವರಲ್ಲಿ ಯಾರಾದರೂ ಉಳಿದಿದ್ದರೆ, ಅವರ ಪ್ರಶ್ನೆಗೆ ಉತ್ತರ ಇದು. ಬಾಗಿಲು ತೆಗೆದಿಟ್ಟವನು ನಾನು, ಅವನ ಅಣ್ಣ. ಆ ದಿನ ಮೂಲೆಯಲ್ಲಿ ಕೂತು ನಿಂಬೆಸೋಡಾ ಕುಡಿದವನು.